ಬ್ರೇಕ್ ಎಂದರೆ ಮುರಿ

ತಂತಿ ಬಂದದ್ದು ಗುರುವಾರ ಮಧ್ಯಾಹ್ನ. ಚಾಮರಾಜನಗರದ ತಂತಿ ಆಫೀಸಿನ ಜವಾನ ಏಪ್ರಿಲ್ ಬಿಸಿಲಿನಲ್ಲಿ ಸೈಕಲ್ ತುಳಿದುಕೊಂಡು ಉಡಿಗಾಲಕ್ಕೆ ಬಂದು, ಸಿದ್ದಮಲ್ಲಪ್ಪನ ಮನೆಯ ಜಗಲಿಗೆ ಸೈಕಲ್ ಒರಗಿಸಿದ. ಒಳಗೆ ಅಕ್ಕಿ ಕೇರುತ್ತಿದ್ದ ಅಜ್ಜಿ ದೊಡ್ಡಮಲ್ಲಮ್ಮ ಮೊರವನ್ನು ಹಾಗೇ ಕೆಳಗಿಟ್ಟಳು. ಆ ಊರಿಗೆ ತಂತಿ ಬರುತ್ತಿದ್ದದ್ದು ಯಾರಾದರೂ ಸತ್ತಾಗ ಮಾತ್ರ.

"ಯಾರ್ ಓದ್ರಪ್ಪ?" ಎಂದಳು, ಆಗಲೇ ಅಳುವ ದನಿಯಲ್ಲಿ.

"ಯಾರೂ ಓಗಿಲ್ಲ ಸುಮ್ಕಿರಜ್ಜಿ. ನಂಗೆ ಬಂದಿರೋದು ಇದು," ಎನ್ನುತ್ತ ಮೊಮ್ಮಗಳು ಪುಟ್ಟಮಲ್ಲಮ್ಮ ಸೆರಗಿಗೆ ಕೈ ಒರೆಸಿಕೊಂಡು ಹೊರಗೆ ಬಂದಳು. ಜವಾನ ಹೆಬ್ಬೆಟ್ಟು ಒತ್ತಿಸಿಕೊಳ್ಳಲು ಮಸಿಯ ಡಬ್ಬಿ ತೆಗೆಯುವಷ್ಟರಲ್ಲಿ ಅವನ ಪೆನ್ಸಿಲ್ ಇಸಿದುಕೊಂಡು ಇಂಗ್ಲಿಷಿನಲ್ಲೇ ರುಜು ಹಾಕಿದಳು. ಅವನು ಒಂದು ಸಲ ರುಜು ನೋಡಿದ, ಒಂದು ಸಲ ಅವಳನ್ನು ನೋಡಿದ. ಅದು ಅವಳಿಗೆ ಹಿತವಾಯಿತು.

ಪುಟ್ಟಮಲ್ಲಮ್ಮನಿಗೆ ಆಗ ಇಪ್ಪತ್ತಮೂರು. ಹದಿನೆಂಟಕ್ಕೆ ಮದುವೆಯಾಗಿ, ಇಪ್ಪತ್ತಕ್ಕೆ ಗಂಡನನ್ನು ಕಳೆದುಕೊಂಡು ಅಪ್ಪನ ಮನೆಗೆ ಮರಳಿದವಳು. ಗಂಡ ಮೈಸೂರಿನ ಆಸ್ಪತ್ರೆಯಲ್ಲಿ ಹತ್ತೊಂಬತ್ತು ದಿನ ಮಲಗಿದ್ದಾಗ ಅವಳು ಮಂಚದ ಪಕ್ಕ ನೆಲದ ಮೇಲೆ ಕೂತು ನರ್ಸುಗಳನ್ನು ನೋಡಿದ್ದಳು. ಬಿಳಿ ಬಟ್ಟೆಯ ಆ ಹೆಂಗಸರು ಬಂದರೆ ಗಂಡಸರೂ ಎದ್ದು ದಾರಿ ಬಿಡುತ್ತಿದ್ದರು. ಊರಿಗೆ ಬಂದ ಮೇಲೂ ಆ ನಡಿಗೆ ಅವಳ ಕಣ್ಣಿನಿಂದ ಹೋಗಲಿಲ್ಲ. ನರ್ಸ್ ಆಗಬೇಕಾದರೆ ಎಸ್ಸೆಸ್ಸೆಲ್ಸಿ ಆಗಿರಬೇಕು ಎಂದು ಯಾರೋ ಹೇಳಿದರು. ಮನೆಯಲ್ಲೇ ಓದಿ ಪರೀಕ್ಷೆಗೆ ಕೂತಳು. ಬೇರೆಲ್ಲ ವಿಷಯ ಮೊದಲ ಸಲಕ್ಕೇ ಮುಗಿಯಿತು. ಇಂಗ್ಲಿಷ್ ಮಾತ್ರ ಎರಡು ಸಲ ಕೆಡವಿ, ಮೂರನೆಯ ಸಲ ಮೂವತ್ತೇಳು ಅಂಕ ಕೊಟ್ಟು ಅವಳನ್ನು ಬಿಟ್ಟಿತು.

ಇಂಗ್ಲಿಷಿನಲ್ಲಿ ಅವಳಿಗೆ ಕಷ್ಟವಾದದ್ದು ದೊಡ್ಡ ಪದಗಳಲ್ಲ. ಅವು ಒಂದು ಅರ್ಥಕ್ಕೆ ನಿಯತ್ತಾಗಿ ಇರುತ್ತಿದ್ದವು. ಕಾಟ ಕೊಟ್ಟದ್ದು ಟೇಕ್, ಮೇಕ್, ಕೀಪ್, ಬ್ರೇಕ್ ಎಂಬಂಥ ಗಿಡ್ಡ ಕ್ರಿಯಾಪದಗಳು. ಚಾಮರಾಜನಗರದಲ್ಲಿ ಅವಳಿಗೆ ಪಾಠ ಹೇಳುತ್ತಿದ್ದ ಶಿವರುದ್ರಸ್ವಾಮಿ ಮೇಷ್ಟ್ರದು ಒಂದೇ ಪದ್ಧತಿ. ನೋಟ್‌ಬುಕ್ಕಿನ ಎಡಕ್ಕೆ ಇಂಗ್ಲಿಷ್ ಪದ, ಬಲಕ್ಕೆ ಕನ್ನಡ ಪದ, ಆಮೇಲೆ ಬಾಯಿಪಾಠ. ಟೇಕ್ ಎಂದರೆ ತೆಗೆದುಕೋ. ಮೇಕ್ ಎಂದರೆ ಮಾಡು. ಹಾಗೆ ಕಲಿತು ಹೋದವಳಿಗೆ ಪರೀಕ್ಷೆಯಲ್ಲಿ ಸ್ನಾನದ ಪಕ್ಕ ಬಿಟ್ಟ ಸ್ಥಳ ತುಂಬುವ ಪ್ರಶ್ನೆ ಬಂತು. ಸ್ನಾನವನ್ನು ಮಾಡುವುದಲ್ಲವೇ ಎಂದು "ಮೇಕ್" ತುಂಬಿದಳು. ಇಂಗ್ಲಿಷರು ಸ್ನಾನವನ್ನು ತೆಗೆದುಕೊಳ್ಳುತ್ತಾರಂತೆ, ಅಂಕ ಹೋಯಿತು. ಮುಂದಿನ ಸಲ ಲೆಕ್ಕ ಮಾಡುವುದಕ್ಕೆ "ಮೇಕ್" ಹಾಕಿದಳು, ಅಲ್ಲಿ "ಡೂ" ಬೇಕಿತ್ತು. ತಪ್ಪು ಮಾಡುವುದಕ್ಕೆ "ಡೂ" ಹಾಕಿದಳು, ಅಲ್ಲಿ "ಮೇಕ್" ಬೇಕಿತ್ತು. ಯಾಕೆ ಹೀಗೆ ಎಂದು ಕೇಳಿದರೆ ಮೇಷ್ಟ್ರು, "ಅದು ಹಾಗೇನಮ್ಮ. ಯಾಕೆ ಅಂತ ಕೇಳ್ಬಾರ್ದು," ಎನ್ನುತ್ತಿದ್ದರು.

ಈಗ ತಂತಿ ಕಳಿಸಿದ್ದ ಏಲಿಯಮ್ಮ ಊಟಿಯ ಕಡೆಯ ಒಂದು ಆಸ್ಪತ್ರೆಯ ಮೇಟ್ರನ್, ಮಲಯಾಳಿ ಹೆಂಗಸು. ವರ್ಷಕ್ಕೆ ಆರು ಜನರನ್ನು ನರ್ಸ್ ತರಬೇತಿಗೆ ಸೇರಿಸಿಕೊಳ್ಳುತ್ತಿದ್ದರು. ಪುಟ್ಟಮಲ್ಲಮ್ಮನ ಅರ್ಜಿಗೆ ಅವರೇ ಕೈಬರಹದಲ್ಲಿ ಉತ್ತರ ಬರೆದಿದ್ದರು: ಕೆಲಸದ ಮೇಲೆ ಮೈಸೂರಿಗೆ ಬರುವವಳಿದ್ದೇನೆ, ಶುಕ್ರವಾರ ಚಾಮರಾಜನಗರಕ್ಕೂ ಬಂದು ನಿನ್ನನ್ನು ನೋಡುತ್ತೇನೆ, ಮುಂದಿನ ಬುಧವಾರ ಊಟಿಗೆ ಹಿಂತಿರುಗುತ್ತೇನೆ, ಏನಾದರೂ ಬದಲಾದರೆ ತಂತಿ ಕೊಡುತ್ತೇನೆ.

ತಂತಿಯಲ್ಲಿ ಇದ್ದದ್ದು ಇಷ್ಟು: "ಬ್ರೇಕಿಂಗ್ ಜರ್ನಿ ಗುಂಡ್ಲುಪೇಟ್ ಫ್ರೈಡೇ ನೂನ್. ಕೆನಾಟ್ ಕಮ್ ಚಾಮರಾಜನಗರ. ಏಲಿಯಮ್ಮ."

ಪುಟ್ಟಮಲ್ಲಮ್ಮ ನಿಂತಲ್ಲೇ ಎರಡು ಸಲ ಓದಿದಳು. ಬ್ರೇಕ್ ಎಂದರೆ ಮುರಿ. ಜರ್ನಿ ಎಂದರೆ ಪ್ರಯಾಣ. ಫ್ರೈಡೇ ನೂನ್ ಎಂದರೆ ಶುಕ್ರವಾರ ಮಧ್ಯಾಹ್ನ. ಮದುವೆ ಮಾತು ಮುರಿದುಬಿತ್ತು ಎಂದರೆ ಮದುವೆ ಇಲ್ಲ. ವ್ಯಾಪಾರ ಮುರಿಯಿತು ಎಂದರೆ ವ್ಯಾಪಾರ ಇಲ್ಲ. ಇನ್ನು ಪ್ರಯಾಣ ಮುರಿದ ಮೇಲೆ ಏನು ಉಳಿಯಿತು? ಕೊನೆಯಲ್ಲಿ ಬರಲಾಗುವುದಿಲ್ಲ ಎಂದು ಬೇರೆ ಸ್ಪಷ್ಟವಾಗಿ ಬರೆದಿದ್ದರು.

ಹಿತ್ತಿಲಿನಿಂದ ಸಿದ್ದಮಲ್ಲಪ್ಪ ಬಂದ. "ಏನಮ್ಮಿ ಬರ್ದವ್ರೆ?"

"ಬರದಿಲ್ವಂತೆ. ಪ್ರಯಾಣ ಮುರಿದೋಯ್ತಂತೆ."

"ಎಲ್ಲಿ, ಓದು ನೋಡನ."

ಅವಳು ಓದಿದಳು. ಸಿದ್ದಮಲ್ಲಪ್ಪನಿಗೆ ಇಂಗ್ಲಿಷ್ ಒಂದಕ್ಷರವೂ ಬಾರದು. ಆದರೆ ಗುಂಡ್ಲುಪೇಟೆ ಎಂಬ ಹೆಸರು ಕಿವಿಗೆ ಬಿತ್ತು.

"ಗುಂಡ್ಲುಪೇಟೆ ಯಾಕ್ ಬಂತು ಮಧ್ಯದಲ್ಲಿ?"

"ಗುಂಡ್ಲುಪೇಟೆ ಮೇಲೆ ಬರ್ಬೇಕಿತ್ತಲ್ಲ, ಆ ಪ್ರಯಾಣ ಮುರೀತು ಅಂತ."

"ಅಲ್ಲ ಕಣಮ್ಮಿ. ತಂತೀಲಿ ಒಂದೊಂದ್ ಮಾತ್ಗೂ ಕಾಸು. ಬರದಿಲ್ಲ ಅನ್ನೋರು ಬರದಿಲ್ಲ ಅಂತ ಬರ್ದು ಸುಮ್ಕಾಯ್ತಾರೆ. ಊರೆಸ್ರು, ವಾರ, ಒತ್ತು ಎಲ್ಲಾನೂ ಯಾಕ್ ಬರೀತಾರೆ?"

"ಅಪ್ಪ, ಇಂಗ್ಲಿಷು ನಿಂಗ್ ಬತ್ತದ, ನಂಗ್ ಬತ್ತದ?"

ಅವಳ ದನಿ ಅವಳು ಅಂದುಕೊಂಡದ್ದಕ್ಕಿಂತ ಜೋರಾಗಿ ಬಂತು. ಸಿದ್ದಮಲ್ಲಪ್ಪ ಮಗಳ ಮುಖ ನೋಡಿದ. "ಸರಿ ಬುಡು," ಎಂದು ಮತ್ತೆ ಹಿತ್ತಿಲಿಗೆ ಹೋದ.

ಶುಕ್ರವಾರವನ್ನು ಅವಳು ಹುಣಸೆಹಣ್ಣಿನ ಜೊತೆ ಕಳೆದಳು. ನಡುಮನೆಯಲ್ಲಿ ಕೂತು ಬೆಳಗಿನಿಂದ ಸಂಜೆಯ ತನಕ ಹಣ್ಣು ಕುಟ್ಟಿ ಬೀಜ ತೆಗೆದಳು. ಇಸ್ತ್ರಿ ಮಾಡಿಸಿ ತಂದಿದ್ದ ಬಿಳಿ ಸೀರೆ ಪೆಟ್ಟಿಗೆಗೆ ವಾಪಸು ಹೋಯಿತು. ಮೇಟ್ರನ್ ಕೇಳಬಹುದಾದ ಪ್ರಶ್ನೆಗಳಿಗೆ ಇಂಗ್ಲಿಷಿನಲ್ಲಿ ಹನ್ನೊಂದು ಉತ್ತರ ಸಿದ್ಧ ಮಾಡಿಕೊಂಡಿದ್ದಳು. ಅವು ತಾವಾಗಿಯೇ ನಾಲಗೆಗೆ ಬಂದು ಬಂದು ಹೋಗುತ್ತಿದ್ದವು. ಕಾಗದ ಬರೆದು ಆಸೆ ಹುಟ್ಟಿಸಿ, ಎರಡು ಸಾಲಿನಲ್ಲಿ ಮುಗಿಸಿದ ಆ ಹೆಂಗಸಿನ ಮೇಲೆ ಸಿಟ್ಟು ಬಂತು. ಮಧ್ಯಾಹ್ನ ಅಜ್ಜಿ ಊಟಕ್ಕೆ ಕರೆದಾಗ ಹಸಿವಿಲ್ಲ ಎಂದಳು.

ಸೋಮವಾರ ಅಜ್ಜಿ ನಂಜನಗೂಡಿಗೆ ಹೊರಟಳು. ರೈಲು ಹತ್ತಿಸಿ ಬರಲು ಪುಟ್ಟಮಲ್ಲಮ್ಮ ಚಾಮರಾಜನಗರದ ಸ್ಟೇಷನ್ನಿಗೆ ಹೋದಳು. ಟಿಕೆಟ್ ಕಿಟಕಿಯ ಮುಂದೆ ಅವಳಿಗಿಂತ ಮೊದಲು ಹರವೆಯ ಕಡೆಯ ಒಬ್ಬ ಮುದುಕ ನಿಂತಿದ್ದ. ಹೆಂಡತಿ ಗಂಟು ಹಿಡಿದುಕೊಂಡು ಪಕ್ಕದಲ್ಲಿದ್ದಳು.

"ಬೆಂಗ್ಳೂರ್‌ಗೆ ಟಿಕೀಟ್ ತಗಂಡು, ನಂಜನಗೂಡಲ್ಲಿ ಇಳ್ದು ದೇವ್ರು ನೋಡ್ಕಂಡು, ನಾಳಿಕ್ ಅದೇ ಟಿಕೀಟಲ್ಲಿ ಮುಂದಕ್ ಓಗ್ಬೋದ ಸ್ವಾಮಿ?" ಎಂದು ಮುದುಕ ಕೇಳುತ್ತಿದ್ದ.

"ಹೋಗ್ಬೋದು. ಬ್ರೇಕ್ ಜರ್ನಿ ಮಾಡಿ. ಇಳಿದ ತಕ್ಷಣ ಅಲ್ಲಿನ ಸ್ಟೇಷನ್ ಮಾಸ್ಟರ್ ಹತ್ರ ಟಿಕೆಟ್ ಹಿಂದೆ ಬರೆಸ್ಕೊಳ್ಳಿ," ಎಂದ ಗುಮಾಸ್ತ.

ಮುದುಕ ಹೆಂಡತಿಯ ಕಡೆ ತಿರುಗಿದ. "ಬ್ರೇಕ್ ಜರ್ನಿ ಆಯ್ತದಂತೆ ಕಣಮ್ಮಿ."

ಪುಟ್ಟಮಲ್ಲಮ್ಮನ ಕಿವಿ ನಿಮಿರಿತು. ಕಿಟಕಿಗೆ ಬಂದವಳು ದುಡ್ಡನ್ನು ಕೈಯಲ್ಲೇ ಹಿಡಿದುಕೊಂಡಳು.

"ಸ್ವಾಮಿ, ಬ್ರೇಕ್ ಜರ್ನಿ ಅಂದ್ರೆ ಪ್ರಯಾಣ ನಿಂತೋಯ್ತು ಅಂತ ಅಲ್ವ?"

"ನಿಲ್ಲೋದಲ್ಲಮ್ಮ. ದಾರೀಲಿ ಒಂದೂರಲ್ಲಿ ಇಳಿದು, ಕೆಲಸ ನೋಡ್ಕೊಂಡು, ಆಮೇಲೆ ಮುಂದಕ್ಕೆ ಹೋಗೋದು."

"ಪೂರ್ತಿ ನಿಂತೋದ್ರೆ?"

"ಅದು ಕ್ಯಾನ್ಸಲ್. ಎಷ್ಟು ಟಿಕೆಟ್ ಬೇಕು?"

ಅಜ್ಜಿಯನ್ನು ಹೇಗೆ ರೈಲು ಹತ್ತಿಸಿದಳೋ ಅವಳಿಗೇ ನೆನಪಿಲ್ಲ. ಸ್ಟೇಷನ್ನಿನಿಂದ ನೆಟ್ಟಗೆ ಶಿವರುದ್ರಸ್ವಾಮಿ ಮೇಷ್ಟ್ರ ಮನೆಗೆ ನಡೆದಳು. ಮೇಷ್ಟ್ರು ಬನಿಯನ್ನಿನಲ್ಲಿ ಕೂತು ಪತ್ರಿಕೆ ಓದುತ್ತಿದ್ದರು. ಅವಳು ತಂತಿಯನ್ನು ಅವರ ಮುಂದೆ ಇಟ್ಟಳು.

ಅವರು ಕನ್ನಡಕ ಸರಿಮಾಡಿಕೊಂಡು ಓದಿದರು. "ಪ್ರಯಾಣ ಮುರಿದುಕೊಂಡಿದ್ದಾರೆ. ಬರೋದಿಲ್ಲ. ಪಾಪ," ಎಂದರು.

"ಅಲ್ಲ ಸ್ವಾಮಿ! ಗುಂಡ್ಲುಪೇಟೇಲಿ ಇಳೀತೀನಿ ಅಂತ. ಶುಕ್ರವಾರ ಮಧ್ಯಾಹ್ನ ಅಲ್ಲಿಗೇ ಬಾ ಅಂತ. ಸ್ಟೇಷನ್ನಲ್ಲಿ ಓದು ಬರಾ ಇಲ್ದಿರೋ ಮುದುಕಪ್ಪನ್ಗೆ ಗೊತ್ತದೆ, ನಮಗ್ ಗೊತ್ತಿಲ್ಲ."

ಮೇಷ್ಟ್ರ ಮುಖ ಬಿಗಿಯಿತು. "ಪಠ್ಯಪುಸ್ತಕದಲ್ಲಿ ಆ ಪ್ರಯೋಗ ಇಲ್ಲ," ಎಂದರು. ಆದರೂ ಎದ್ದು ಹೋಗಿ ಗೂಡಿನಿಂದ ದಪ್ಪ ನಿಘಂಟು ತಂದರು. ಅದನ್ನು ಕೊಂಡು ಹದಿನೆಂಟು ವರ್ಷವಾಗಿತ್ತು, ಎಷ್ಟೋ ಹಾಳೆಗಳು ಇನ್ನೂ ಒಂದಕ್ಕೊಂದು ಅಂಟಿಕೊಂಡಿದ್ದವು. ಬ್ರೇಕ್ ಎಂಬ ಪದಕ್ಕೆ ಒಂದೂವರೆ ಅಂಕಣ ಸಣ್ಣ ಅಕ್ಷರ ಇತ್ತು. ಮೇಷ್ಟ್ರು ಬೆರಳಿಟ್ಟುಕೊಂಡು ಓದುತ್ತ ಹೋದರು. ಕಾಲಿನ ಜೊತೆ ಬಂದರೆ ಮುರಿ. ಮಾತಿನ ಜೊತೆ ಬಂದರೆ ಮಾತಿಗೆ ತಪ್ಪು. ಉಪವಾಸದ ಜೊತೆ ಬಂದರೆ ಊಟ ಮಾಡು. ಕುದುರೆಯ ಜೊತೆ ಬಂದರೆ ಪಳಗಿಸು. ಕೆಟ್ಟ ಸುದ್ದಿಯ ಜೊತೆ ಬಂದರೆ ಮೆಲ್ಲನೆ ತಿಳಿಸು. ಹಗಲು ಬ್ರೇಕ್ ಆದರೆ ಬೆಳಗಾಯಿತು ಎಂದು. ಪ್ರಯಾಣದ ಜೊತೆ ಬಂದದ್ದು ಕೆಳಗೆ, ಅಂಕಣದ ಕೊನೆಯಲ್ಲಿತ್ತು.

ಅಲ್ಲಿಗೆ ಬಂದು ಮೇಷ್ಟ್ರು ನಿಲ್ಲಿಸಿದರು. "ನಂಗೂ ಗೊತ್ತಿರಲಿಲ್ಲಮ್ಮ," ಎಂದರು.

ಆ ಪದಗಳು ಹದಿನೆಂಟು ವರ್ಷದಿಂದ ಆ ಗೂಡಿನಲ್ಲೇ ಇದ್ದವು. ಮೂರು ವರ್ಷ ಅವಳು ಆ ಗೂಡಿನ ಕೆಳಗೇ ಕೂತು ಬ್ರೇಕ್ ಎಂದರೆ ಮುರಿ, ಬ್ರೇಕ್ ಎಂದರೆ ಮುರಿ ಎಂದು ಬಾಯಿಪಾಠ ಮಾಡಿದ್ದಳು. ನಿಘಂಟನ್ನು ಕೈಯಾರೆ ಮುಚ್ಚಿ ಎದ್ದು ಬಂದಳು.

ಅಪ್ಪನಿಗೆ ಹೇಳುವುದು ಅದಕ್ಕಿಂತ ಕಷ್ಟವಾಗಿತ್ತು. ಸಂಜೆ ಅವನು ಕೈಕಾಲು ತೊಳೆದುಕೊಂಡು ಜಗಲಿಯಲ್ಲಿ ಕೂತ ಮೇಲೆ ಹೇಳಿದಳು. "ಗುಂಡ್ಲುಪೇಟೇಲಿ ಇಳ್ದಿದ್ರಂತೆ ಕಣಪ್ಪ. ನಾನೇ ತಪ್ಪು ಓದ್ಬುಟ್ಟೆ. ನೀನ್ ಕೇಳ್ದೆ. ನಾನು ಬಾಯ್ ಮುಚ್ಚಿಸ್ಬುಟ್ಟೆ."

ನಾನಾಗಲೇ ಹೇಳಲಿಲ್ಲವಾ ಎಂದು ಅವನು ಬೈದಿದ್ದರೆ ಅವಳಿಗೆ ಹಗುರಾಗುತ್ತಿತ್ತು. ಸಿದ್ದಮಲ್ಲಪ್ಪ ಬೈಯಲಿಲ್ಲ.

"ಬುಧವಾರ ಅದೇ ದಾರೀಲಿ ತಾನೇ ವಾಪಸ್ ಓಗೋದು?" ಎಂದ. "ನಡಿ, ಓಗನ."

ಬುಧವಾರ ಬೆಳಿಗ್ಗೆಯೇ ಇಬ್ಬರೂ ತೆರಕಣಾಂಬಿಯ ಮೇಲೆ ಗುಂಡ್ಲುಪೇಟೆಗೆ ಬಂದು ಇಳಿದರು. ಬಸ್ ಸ್ಟ್ಯಾಂಡಿನ ಎದುರಿಗೆ ಮೊಯ್ದು ಎಂಬವನ ಟೀ ಅಂಗಡಿ ಇತ್ತು. ವಯನಾಡಿನ ಕಡೆಯಿಂದ ಬಂದು ನೆಲೆಸಿದವನು. ಮೈಸೂರಿನಿಂದ ಊಟಿಗೆ ಹೋಗುವ ಬಸ್ ಎಷ್ಟು ಹೊತ್ತಿಗೆ ಎಂದು ಸಿದ್ದಮಲ್ಲಪ್ಪ ಅವನನ್ನು ಕೇಳಿದ. ಹಾಗೆಯೇ ಕಳೆದ ಶುಕ್ರವಾರ ಒಬ್ಬ ನರ್ಸಮ್ಮ ಬಂದಿದ್ದರಾ ಎಂದೂ ಕೇಳಿದ.

"ಬಂದಿದ್ರಲ್ಲ," ಎಂದ ಮೊಯ್ದು. "ಕನ್ನಡಕದ ಅಮ್ಮ, ನಮ್ಮ ಕಡೆಯವರೇ. ಹನ್ನೆರಡರಿಂದ ನಾಲ್ಕೂವರೆ ತನಕ ಆ ಬೆಂಚಿನ ಮೇಲೆ ಕೂತಿದ್ರು. ನಿಮ್ಮ ಚಾಮರಾಜನಗರದ ಬಸ್ಸು ಬಂದಾಗೆಲ್ಲ ಎದ್ದು ಹೋಗೋದು, ಇಳಿಯೋ ಹೆಣ್ಮಕ್ಕಳನ್ನ 'ಉಡಿಗಾಲಾ, ಉಡಿಗಾಲಾ' ಅಂತ ಕೇಳೋದು. ಒಂದು ಗಂಟೆಯ ಮೈಸೂರು ಬಸ್ಸಿಗೆ ಹತ್ತಲಿಲ್ಲ, ಮೂರು ಗಂಟೆದಕ್ಕೂ ಹತ್ತಲಿಲ್ಲ. ನೀವು ಯಾರು?"

ಪುಟ್ಟಮಲ್ಲಮ್ಮ ಬೆಂಚಿನ ಕಡೆ ನೋಡಿದಳು. ಅದಕ್ಕೆ ನೆರಳೂ ಇರಲಿಲ್ಲ. ಆ ಹೊತ್ತಿನಲ್ಲಿ ತಾನು ಮನೆಯಲ್ಲಿ ಕೂತು ಇವರನ್ನೇ ಶಪಿಸುತ್ತ ಹುಣಸೆಹಣ್ಣು ಕುಟ್ಟುತ್ತಿದ್ದೆ ಎಂದು ಅವಳಿಗೆ ನೆನಪಾಯಿತು.

ಊಟಿ ಬಸ್ಸು ಎರಡೂವರೆಗೆ ಬಂತು. ಹತ್ತು ನಿಮಿಷ ನಿಲ್ಲುತ್ತದೆ ಎಂದು ಕಂಡಕ್ಟರ್ ಕೂಗಿದ. ಮುಂದಿನ ಸೀಟಿನಲ್ಲಿ, ಬುಟ್ಟಿಯೊಂದನ್ನು ತೊಡೆಯ ಮೇಲಿಟ್ಟುಕೊಂಡು ಕನ್ನಡಕದ ಹೆಂಗಸು ಕೂತಿದ್ದರು. ಪುಟ್ಟಮಲ್ಲಮ್ಮ ಕಿಟಕಿಯ ಕೆಳಗೆ ನಿಂತು, ಸಿದ್ಧ ಮಾಡಿಕೊಂಡಿದ್ದ ಹನ್ನೊಂದು ಉತ್ತರಗಳಲ್ಲಿ ಒಂದೂ ನೆನಪಾಗದೆ, "ಮೇಡಂ, ಐ ಆಮ್ ಪುಟ್ಟಮಲ್ಲಮ್ಮ. ಉಡಿಗಾಲ," ಎಂದಳು.

ಏಲಿಯಮ್ಮ ಅವಳನ್ನು ಅಡಿಯಿಂದ ಮುಡಿಯ ತನಕ ನೋಡಿದರು. ನಾಲ್ಕೂವರೆ ಗಂಟೆ ಕಾದೆ ಎಂದು ಇಂಗ್ಲಿಷಿನಲ್ಲಿ ಹೇಳಿದರು. ತಂತಿ ತಲುಪಲಿಲ್ಲವೇ ಎಂದು ಕೇಳಿದರು.

"ತಲುಪಿತು ಮೇಡಂ. ಐ ರೆಡ್... ಜರ್ನಿ ಬ್ರೋಕನ್. ಐ ಥಾಟ್, ಫಿನಿಶ್ಡ್." ಮುಂದೆ ಇಂಗ್ಲಿಷ್ ಬರಲಿಲ್ಲ. ತಂತಿಯನ್ನು ತೆಗೆದು ಆ ಪದದ ಮೇಲೆ ಬೆರಳಿಟ್ಟು, ಎರಡೂ ಕೈಯಲ್ಲಿ ಕಡ್ಡಿ ಮುರಿದಂತೆ ಮಾಡಿ ತೋರಿಸಿದಳು.

ಮೇಟ್ರನ್‌ಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ನಗಲಿಲ್ಲ. ಅರ್ಧ ತಮಿಳು ಅರ್ಧ ಕನ್ನಡದಲ್ಲಿ, "ಡಾಕ್ಟರ್ ಇಂಗ್ಲಿಷಲ್ಲಿ ಒಂದು ಚೀಟಿ ಬರೆದು ಹೋಗ್ತಾರೆ. ಅದನ್ನೂ ನೀನು ಹೀಗೇ ಓದಿದ್ರೆ ರೋಗಿ ಕಥೆ ಏನಮ್ಮಾ?" ಎಂದರು.

ಪುಟ್ಟಮಲ್ಲಮ್ಮ ತಂತಿಯನ್ನು ಮಡಿಸಿಕೊಂಡಳು. "ಗೊತ್ತಿಲ್ದಿದ್ರೆ ಕೇಳ್ತಿದ್ದೆ ಅಮ್ಮ. ನಂಗ್ ಗೊತ್ತಿಲ್ಲ ಅನ್ನೋದೇ ನಂಗ್ ಗೊತ್ತಿರ್ನಿಲ್ಲ," ಎಂದಳು.

ಏಲಿಯಮ್ಮ ಬುಟ್ಟಿಯ ಹಿಡಿಯನ್ನು ತಿರುಗಿಸುತ್ತ ಕೂತರು. ಆಮೇಲೆ ಹೇಳಿದರು: ಈ ವರ್ಷದ ಆರು ಜಾಗವೂ ಮುಗಿದವು. ಐದು ಮೊದಲೇ ತುಂಬಿದ್ದವು. ಆರನೆಯದನ್ನು ಇವಳಿಗೆಂದೇ ಇಟ್ಟುಕೊಂಡಿದ್ದು, ನಿನ್ನೆ ಮೈಸೂರಿನಲ್ಲಿ ಬೇರೆ ಹುಡುಗಿಗೆ ಕೊಟ್ಟಾಯಿತು.

ನಿನ್ನೆ! ಸೋಮವಾರ ಬೆಳಿಗ್ಗೆ ಟಿಕೆಟ್ ಕಿಟಕಿಯ ಮುಂದೆ ನಿಂತಿದ್ದಾಗ ಅವಳ ಎದುರಿಗೇ ಮೈಸೂರಿನ ರೈಲು ನಿಂತಿತ್ತು. ಅಜ್ಜಿಯ ಜೊತೆಗೇ ಹತ್ತಿಬಿಡಬಹುದಿತ್ತು. ಹತ್ತದೆ, ಮೇಷ್ಟ್ರ ಹತ್ತಿರ ಜಗಳಕ್ಕೆ ಹೋಗಿದ್ದಳು.

"ಆಯಾ ಕೆಲಸ ಒಂದಿದೆ," ಎಂದರು ಏಲಿಯಮ್ಮ. "ನೆಲ ಒರೆಸೋದು, ಬೆಡ್‌ಪ್ಯಾನ್ ತೆಗೆಯೋದು. ಅಲ್ಲೇ ಇದ್ದು ಇಂಗ್ಲಿಷ್ ಕಿವಿಗೆ ಹಾಕ್ಕೋ. ಮುಂದಿನ ವರ್ಷ ಜಾಗ ಕೊಡ್ತೀನಿ ಅಂತ ಮಾತು ಕೊಡಲ್ಲ. ನೋಡೋಣ ಅಂತೀನಿ, ಅಷ್ಟೇ."

ಹಿಂದೆ ನಿಂತಿದ್ದ ಸಿದ್ದಮಲ್ಲಪ್ಪನಿಗೆ ಬೆಡ್‌ಪ್ಯಾನ್ ಎಂದರೇನು ಎಂದು ಗೊತ್ತಿತ್ತು. ಅಳಿಯ ಮಲಗಿದ್ದ ಆಸ್ಪತ್ರೆಯಲ್ಲಿ ನೋಡಿದ್ದ.

"ಬ್ಯಾಡ ಕಣಮ್ಮಿ," ಎಂದ. "ಕಂಡೋರ ಹೊಲಸು ಎತ್ತೋಕೆ ನಾನು ನಿನ್ನ ಓದಿಸ್ನಿಲ್ಲ. ನಮ್ಮ ಮನೇಲಿ ಊಟಕ್ಕೇನ್ ಕಮ್ಮಿ ಆಗದೆ? ನಡಿ ಮನ್ಗೆ."

ಡ್ರೈವರ್ ಹತ್ತಿ ಕೂತ. ಕಂಡಕ್ಟರ್ ಬಾಗಿಲು ಬಡಿದ. ಪುಟ್ಟಮಲ್ಲಮ್ಮನಿಗೆ ಅಪ್ಪನ ಮೇಲೂ ಸಿಟ್ಟು ಬಂತು, ಈ ಹೆಂಗಸಿನ ಮೇಲೂ ಬಂತು. ಇಷ್ಟು ಓದಿದ್ದು ನೆಲ ಒರೆಸು ಎನ್ನಿಸಿಕೊಳ್ಳಲಿಕ್ಕಾ? ಎಲ್ಲಕ್ಕಿಂತ ಹೆಚ್ಚಾಗಿ ತನ್ನ ಮೇಲೇ ಬಂತು. ಹಾಗಂತ ಮನೆಗೆ ಹೋದರೆ ಅಲ್ಲಿ ಇದ್ದದ್ದು ಮೊರ, ಹುಣಸೆಹಣ್ಣು, ಮತ್ತೆ ಆ ನೋಟ್‌ಬುಕ್ಕು.

"ಸೋಮವಾರ ಬತ್ತೀನಿ ಅಮ್ಮ," ಎಂದಳು.

ಏಲಿಯಮ್ಮ ತಲೆಯಾಡಿಸಿದರೋ, ಬಸ್ಸು ಕುಲುಕಿದ್ದಕ್ಕೆ ಅವರ ತಲೆ ಅಲ್ಲಾಡಿತೋ, ತಿಳಿಯಲಿಲ್ಲ. ಬಸ್ಸು ಹಂಗಳದ ಕಡೆಗೆ ಹೊರಟು ಧೂಳೆಬ್ಬಿಸಿತು.

ಸಿದ್ದಮಲ್ಲಪ್ಪ ನಾಲ್ಕು ದಿನ ಮಗಳ ಜೊತೆ ಮಾತಾಡಲಿಲ್ಲ. ನಂಜನಗೂಡಿನಿಂದ ಬಂದ ಅಜ್ಜಿ, ಬಿಳಿ ಸೀರೆ ಉಟ್ಟು ಕಸ ಗುಡಿಸೋದಾದರೆ ಇಲ್ಲೇ ಗುಡಿಸು ಎಂದು ಅತ್ತಳು. ಸೋಮವಾರ ಕತ್ತಲಿರುವಾಗಲೇ ಎದ್ದು ಸಿದ್ದಮಲ್ಲಪ್ಪ ತಾನೇ ಮಗಳ ಪೆಟ್ಟಿಗೆ ಹೊತ್ತು ಬಸ್ಸಿಗೆ ಹಾಕಿದ.

ಆಸ್ಪತ್ರೆಯಲ್ಲಿ ಮೊದಲ ದಿನವೇ ಒಬ್ಬ ನರ್ಸ್ ಅವಳನ್ನು ಹೆಂಗಸರ ವಾರ್ಡಿಗೆ ಕರೆದುಕೊಂಡು ಹೋಗಿ, "ಮೇಕ್ ದಿ ಬೆಡ್ಸ್," ಎಂದು ಹೇಳಿ ಹೊರಟಳು. ಪುಟ್ಟಮಲ್ಲಮ್ಮ ವಾರ್ಡಿನ ಮಧ್ಯೆ ನಿಂತಳು. ಮೇಕ್ ಎಂದರೆ ಮಾಡು. ಬೆಡ್ ಎಂದರೆ ಹಾಸಿಗೆ. ಹಾಸಿಗೆಗಳು ಆಗಲೇ ಅಲ್ಲೇ ಇವೆ, ಇನ್ನು ಏನನ್ನು ಮಾಡುವುದು? ಇಲ್ಲೂ ಬಂದು ಹಿಡಿಯಿತಲ್ಲ ಈ ಪೀಡೆ ಎಂದು ಅವಳಿಗೆ ಅಳುವಂತಾಯಿತು. ಓಡಿಹೋಗಿ ಬಾಗಿಲಲ್ಲಿ ನರ್ಸನ್ನು ತಡೆದಳು.

"ಸಿಸ್ಟರ್, ಹಂಗಂದ್ರೆ ಏನ್ ಮಾಡ್ಬೇಕು?"

ನರ್ಸ್ ಹಣೆ ಗಂಟಿಕ್ಕಿ ವಾಪಸು ಬಂದಳು. ಒಂದು ಹಾಸಿಗೆಯ ಮೇಲಿನ ಬಟ್ಟೆ ಕಿತ್ತು, ಕೊಡವಿ, ಹಾಸಿ, ನಾಲ್ಕೂ ಮೂಲೆ ಎಳೆದು ಒಳಗೆ ಸಿಕ್ಕಿಸಿದಳು. "ಇಷ್ಟು ಗೊತ್ತಿಲ್ವಾ?" ಎಂದಳು.

"ಗೊತ್ತಿರ್ನಿಲ್ಲ," ಎಂದಳು ಪುಟ್ಟಮಲ್ಲಮ್ಮ.

ನರ್ಸ್ ಹೋದ ಮೇಲೆ ಎಣಿಸಿದಳು. ಇನ್ನೂ ಇಪ್ಪತ್ತೊಂದು ಹಾಸಿಗೆ ಇದ್ದವು. ಸೆರಗು ಸಿಕ್ಕಿಸಿಕೊಂಡು ಎರಡನೆಯದರ ಬಟ್ಟೆ ಕಿತ್ತಳು.